ಕಡೆಯ ವಾಲ್

ನಮ್ಮೂರ ವಾಟರ್‌ಮನ್ ಹೆಸರು ಉಚ್ಚಂಗೆಮ್ಮ. ನಗುವವರು ಈಗಲೇ ನಕ್ಕುಬಿಡಿ, ನಾವೆಲ್ಲ ಆಗಲೇ ನಕ್ಕು ಮುಗಿಸಿದ್ದೇವೆ. ಪಂಚಾಯಿತಿಯ ಹಾಜರಿ ಪುಸ್ತಕದಲ್ಲಿ ಹುದ್ದೆಯ ಹೆಸರು ಮೊದಲಿನಿಂದ ಹಾಗೇ ಇದೆ. ಆ ಕೆಲಸಕ್ಕೆ ಹೆಂಗಸೊಬ್ಬಳು ಬರಬಹುದೆಂದು ಯಾರೂ ಅಂದುಕೊಂಡಿರಲಿಲ್ಲ. ನಾನೂ ಅಂದುಕೊಂಡಿರಲಿಲ್ಲ. ನಾನು ಅನ್ನಪೂರ್ಣಮ್ಮ, ಇಪ್ಪತ್ತೆಂಟು ವರ್ಷ ಇದೇ ಊರಿನಲ್ಲಿ ಅಂಗನವಾಡಿ ನಡೆಸಿದವಳು, ಈಗ ಮೇಲಿನ ಬೀದಿಯಿಂದ ಗೆದ್ದ ಪಂಚಾಯಿತಿ ಮೆಂಬರು. ಊರೆಲ್ಲ ನನ್ನನ್ನು ಟೀಚರ್ ಎನ್ನುತ್ತದೆ. ನಾಲಿಗೆ ಉದ್ದ ಎಂದೂ ಎನ್ನುತ್ತದೆ, ಅದೂ ನಿಜ.

ನಮ್ಮದು ಜಗಳೂರಿನಿಂದ ಹನ್ನೊಂದು ಕಿಲೋಮೀಟರ್ ಒಳಗಿರುವ ಊರು. ಎರಡು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್, ಐದು ಬೀದಿಗೆ ಐದು ವಾಲ್. ದಿನ ಬಿಟ್ಟು ದಿನ ನೀರು. ವಾಟರ್‌ಮನ್ ಆದವರು ಟ್ಯಾಂಕ್ ತುಂಬಿಸಿ, ಒಂದೊಂದೇ ಬೀದಿಯ ವಾಲ್ ತಿರುವಿ ನೀರು ಬಿಡಬೇಕು. ತಿಂಗಳಿಗೊಮ್ಮೆ ಏಣಿ ಹತ್ತಿ, ಟ್ಯಾಂಕಿನೊಳಗಿಳಿದು ತೊಳೆದು, ಬ್ಲೀಚಿಂಗ್ ಪೌಡರ್ ಹಾಕಬೇಕು. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿದವನು ಎ.ಕೆ. ಕಾಲೋನಿಯ ತಿಮ್ಮೇಶ್. ಹೋದ ದೀಪಾವಳಿ ಕಳೆದು ವಾರಕ್ಕೆ ಎದೆನೋವು ಬಂದು ತೀರಿಕೊಂಡ. ಆಮೇಲೆ ಎರಡು ವಾರ ಊರಿಗೆ ನೀರೇ ಸರಿಯಾಗಿ ಬರಲಿಲ್ಲ. ಯಾವ ವಾಲ್ ಎಷ್ಟು ಸುತ್ತು ತಿರುಗಬೇಕೆಂದು ಗೊತ್ತಿದ್ದದ್ದು ಅವನ ಹೆಂಡತಿ ಉಚ್ಚಂಗೆಮ್ಮನಿಗೆ ಮಾತ್ರ. ಅವನಿಗೆ ಜ್ವರ ಬಂದಾಗಲೆಲ್ಲ ಅವಳೇ ಮಾಡುತ್ತಿದ್ದಳಂತೆ, ನಮಗದು ಗೊತ್ತೇ ಇರಲಿಲ್ಲ.

ಬೇರೆ ದಾರಿ ಕಾಣದೆ ಮೂರು ತಿಂಗಳ ಮಟ್ಟಿಗೆಂದು ಅವಳಿಗೆ ಕೆಲಸ ಕೊಟ್ಟೆವು. ಮುಂದೆ ಖಾಯಂ ಮಾಡುವುದೋ ಬಿಡುವುದೋ ಸಭೆಯಲ್ಲಿ ನೋಡೋಣ ಎಂದಾಯಿತು. ಅವಳ ಮನೆಯಲ್ಲಿ ದುಡಿಯುವ ಕೈ ಇನ್ನೊಂದಿರಲಿಲ್ಲ. ವಯಸ್ಸಾದ ಅತ್ತೆ ಶಿವಗಂಗಮ್ಮ, ಹೈಸ್ಕೂಲಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಅಷ್ಟೇ.

ಮೊದಲ ತಿಂಗಳು ಯಾರೂ ಉಸಿರೆತ್ತಲಿಲ್ಲ. ಟ್ಯಾಂಕ್ ತೊಳೆಯುವ ದಿನ ಅವಳು ಸೀರೆ ಎತ್ತಿ ಕಟ್ಟಿ ಹಾಡಹಗಲೇ ಏಣಿ ಹತ್ತಿದಳು ನೋಡಿ, ಅಲ್ಲಿಂದ ಶುರುವಾಯಿತು. ಗಂಡ ಹತ್ತೊಂಬತ್ತು ವರ್ಷ ಹತ್ತಿದಾಗ ಕತ್ತೆತ್ತಿ ನೋಡದವರೆಲ್ಲ ಈಗ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಗುಡಿ ಬೀದಿಯ ಮೆಂಬರು ಕೊಟ್ರಬಸಪ್ಪ ಚಹಾದಂಗಡಿಯಲ್ಲಿ ಮಾತು ತೆಗೆದ. ಹೆಂಗಸೆಂದ ಮೇಲೆ ತಿಂಗಳಿಗೆ ಮೂರು ದಿನ ಇದ್ದದ್ದೇ, ಕುಡಿಯುವ ನೀರಿನೊಳಗೆ ಇಳಿಯುತ್ತಾಳೆ, ಯಾವ ದಿನ ಇಳಿದಳೆಂದು ಕೇಳುವವರು ಯಾರು ಎಂದ. ಮನಸ್ಸಿನಲ್ಲಿದ್ದ ಇನ್ನೊಂದು ಮಾತನ್ನು ಮಾತ್ರ ಹೇಳಲಿಲ್ಲ. ಅದನ್ನು ಬಾಯಿಬಿಟ್ಟರೆ ಕೇಸಾಗುತ್ತದೆ ಎಂಬ ಬುದ್ಧಿ ಅವನಿಗಿದೆ.

ಅವನನ್ನು ಬೈದು ನಾನು ಒಳ್ಳೆಯವಳಾಗುವುದು ಬೇಡ. ಆ ದಿನ ನಾನೂ ಮನೆಯಲ್ಲಿ ನೀರು ಕಾಯಿಸಿ ಕುಡಿದೆ. ಯಾಕತ್ತೆ ಎಂದು ಸೊಸೆ ಕೇಳಿದ್ದಕ್ಕೆ ನೆಗಡಿ ಎಂದೆ. ನೆಗಡಿ ಇರಲಿಲ್ಲ.

ಮೂರನೇ ತಿಂಗಳಿಗೆ ಪಂಚಾಯಿತಿಗೆ ಅರ್ಜಿ ಬಂತು. ಗುಡಿ ಬೀದಿ, ಮೇಲಿನ ಬೀದಿಯವರದು ಒಟ್ಟು ಇಪ್ಪತ್ತಾರು ಸಹಿ. ನಮಗೆ ನೀರು ಕಡಿಮೆಯಾಗಿದೆ, ಅವಳು ತನ್ನ ಕಾಲೋನಿಯವರಿಗೇ ಜಾಸ್ತಿ ಬಿಡುತ್ತಿದ್ದಾಳೆ, ತೆಗೆದುಹಾಕಿ ಎಂಬುದು ಅದರ ಸಾರಾಂಶ. ಯಾರಾದರೂ ಒಬ್ಬರು ಕೂತು ನೋಡಿ ವರದಿ ಕೊಡಿ ಎಂದು ಪಿಡಿಒ ಹೇಳಿದರು. ಟೀಚರ್ ನೋಡಲಿ, ಅವರು ನಮ್ಮವರೇ ಎಂದು ಕೊಟ್ರಬಸಪ್ಪನೇ ನನ್ನ ಹೆಸರು ಸೂಚಿಸಿದ.

ಕೈಗಡಿಯಾರ ಕಟ್ಟಿಕೊಂಡು, ಅಂಗನವಾಡಿಯ ಹಳೇ ನೋಟ್‌ಬುಕ್ ಹಿಡಿದು ಬೆಳಗ್ಗೆ ಆರಕ್ಕೆ ಟ್ಯಾಂಕಿನ ಹತ್ತಿರ ಹೋದೆ. ಐದೂ ವಾಲ್‌ಗಳು ಟ್ಯಾಂಕಿನ ಬುಡದಲ್ಲಿ ಒಂದೇ ಸಾಲಿನಲ್ಲಿವೆ. ಯಾವುದನ್ನು ಮೊದಲು ತಿರುವಿದರೂ ಆ ಬೀದಿಗೆ ನೀರು ಹೋಗುತ್ತದೆ. ಉಚ್ಚಂಗೆಮ್ಮ ಉದ್ದದ ಕಬ್ಬಿಣದ ಚಾವಿ ಹಿಡಿದು ಮೊದಲು ಗುಡಿ ಬೀದಿಯದನ್ನು ತಿರುವಿದಳು. ಅರವತ್ತೈದು ನಿಮಿಷ. ಆಮೇಲೆ ನಮ್ಮ ಮೇಲಿನ ಬೀದಿ, ಎಪ್ಪತ್ತು. ಬಸ್‌ಸ್ಟ್ಯಾಂಡ್ ಬೀದಿ ನಲವತ್ತು. ಮಸೀದಿ ಓಣಿ ಮೂವತ್ತೈದು. ಎಲ್ಲ ಮುಗಿದ ಮೇಲೆ ಕಾಲೋನಿಯ ವಾಲ್ ತಿರುವಿದಳು. ಹದಿನೆಂಟು ನಿಮಿಷಕ್ಕೆ ಟ್ಯಾಂಕ್ ಖಾಲಿ.

ಅರ್ಜಿ ಸುಳ್ಳು ಎನ್ನುವುದಕ್ಕೆ ಅಷ್ಟು ಸಾಕಿತ್ತು. ಆದರೆ ನನ್ನ ಕಣ್ಣು ಇನ್ನೊಂದರ ಮೇಲೆ ಬಿದ್ದಿತ್ತು. ಆ ಸಾಲಿನಲ್ಲಿ ನಾವು ಬಂದ ದಾರಿಗೆ ಎಲ್ಲಕ್ಕಿಂತ ಹತ್ತಿರದ್ದು ಕಾಲೋನಿಯದೇ ವಾಲ್. ಅವಳು ಅದನ್ನು ದಾಟಿಕೊಂಡು ಹೋಗಿ ಆ ತುದಿಯಿಂದ ಶುರುಮಾಡುತ್ತಿದ್ದಳು. ಸುಮ್ಮನಿರಲಾರದೆ ಕೇಳಿಬಿಟ್ಟೆ.

"ನಿಮ್ಮ ಕಾಲೋನಿಗ್ಯಾಕೆ ಕಡೆಗೆ ಬಿಡ್ತೀಯ?"

"ಅದು ಕಡೇ ವಾಲ್ ಅಲ್ಲೇನ್ರೀ ಟೀಚರ್."

"ಕಡೇದು ಅಂತ ಎಲ್ಲಿ ಬರ್ದೈತೆ? ನಿನ್ನ ಕಾಲ ಬುಡದಾಗೇ ಐತಲ್ಲ."

ಅವಳು ಕೆಳಗೆ ನೋಡಿದಳು. ಸಾಲಿನ ಆ ತುದಿ ನೋಡಿದಳು, ಮತ್ತೆ ಈ ತುದಿ ನೋಡಿದಳು. ನಮ್ಮ ಯಜಮಾನರು ಹಂಗೇ ತಿರುವುತ್ತಿದ್ದರು, ನಾನೂ ಹಂಗೇ ಕಲಿತೆ, ಹಿಂಗೇ ಮಾಡು ಎಂದು ಯಾರೂ ಹೇಳಿಲ್ಲ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಚಾವಿ ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ನನಗೆ ಸಿಟ್ಟು ಬಂತು. ಮೊದಲು ಅವಳ ಮೇಲೆ ಬಂತು, ಅದು ನಮ್ಮ ಜನದ ಬುದ್ಧಿ. ಮನೆಗೆ ಬಂದು ನೋಟ್‌ಬುಕ್ ತೆರೆದಾಗ ಎಪ್ಪತ್ತು ನಿಮಿಷ ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ನಮ್ಮ ಬೀದಿಗೆ ಎಪ್ಪತ್ತು ನಿಮಿಷ ಹೇಗಾಗುತ್ತದೆ? ವಾಲ್ ಮುಚ್ಚುವ ಹೊತ್ತಿಗೆ ನಮ್ಮ ಬೀದಿಯವರು ಯಾರಾದರೂ ಫೋನ್ ಮಾಡಿ, ಇನ್ನೆರಡು ಕೊಡ ಐತೆ ತಡಿ ಎನ್ನುತ್ತಾರೆ. ಮೊದಲು ತಿಮ್ಮೇಶನಿಗೆ ಹೇಳುತ್ತಿದ್ದರು, ಈಗ ಇವಳಿಗೆ. ಹಾಗೆ ಹೇಳುವ ಬಾಯಿ ಹೆಚ್ಚಿನ ದಿನ ನನ್ನದೇ.

ಸಭೆಯಲ್ಲಿ ಬರೆದದ್ದನ್ನು ಬರೆದ ಹಾಗೇ ಓದಿದೆ. ಎರಡು ಕೊಡದ ಮಾತನ್ನೂ ಬಿಡಲಿಲ್ಲ. ಕೊಟ್ರಬಸಪ್ಪ ಜಾಣ, ಕೂಡಲೇ ಮುಖ ಬದಲಾಯಿಸಿದ. ಅರ್ಜಿ ಸುಳ್ಳೆಂದು ಒಪ್ಪಿದ. ಅವಳು ಒಳ್ಳೆಯವಳು, ತನಗೆ ಕಡಿಮೆ ಇಟ್ಟುಕೊಂಡು ಊರಿಗೆ ಬಡಿಸುತ್ತಾಳೆ ಎಂದು ಹೊಗಳಿದ. ಕೊನೆಗೆ, "ಹಿಂಗೇ ನಡಿಸ್ಕೊಂಡು ಹೋಗೋದಾದ್ರೆ ಖಾಯಂ ಮಾಡಾಕೆ ನನ್ನದೇನೂ ಅಡ್ಡಿ ಇಲ್ಲ" ಎಂದ. ಎಲ್ಲರಿಗೂ ಹಗುರಾಯಿತು. ಪಿಡಿಒ ಪೆನ್ನು ತೆಗೆದರು. ಹೋಗಲಿ ಬಿಡು, ಕೆಲಸವಾದರೂ ಉಳಿಯಿತು ಎಂದು ನಾನೂ ಅಂದುಕೊಂಡೆ.

ಉಚ್ಚಂಗೆಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಖಾಲಿ ಕುರ್ಚಿ ಮೂರಿದ್ದವು, ಕೂರು ಎಂದು ನಾವು ಯಾರೂ ಹೇಳಿರಲಿಲ್ಲ.

"ಹಿಂಗೇ ನಡಿಸಾಕೆ ಆಗಂಗಿಲ್ರೀ" ಎಂದಳು. "ಮೂರು ತಿಂಗ್ಳು ನಮ್ಮ ಕಾಲೋನಿಗೆ ನಾನೇ ಅನ್ಯಾಯ ಮಾಡೀನಿ. ಗೊತ್ತಿಲ್ದೆ ಮಾಡಿದೆ. ಈಗ ಗೊತ್ತಾಗೈತೆ. ಐದು ಬೀದಿಗೂ ನಲವತ್ತೈದು ನಿಮಿಷ, ವಾರಕ್ಕೊಂದು ಬೀದಿ ಮೊದ್ಲು. ಹಂಗಾದ್ರೆ ಕೆಲಸ ಮಾಡ್ತೀನಿ. ಇಲ್ಲಾಂದ್ರೆ ಬ್ಯಾಡ್ರಿ." ಮುಂದೆ ಬಂದು ಆ ಕಬ್ಬಿಣದ ಚಾವಿಯನ್ನು ಮೇಜಿನ ಮೇಲಿಟ್ಟಳು.

ಮನೆಯಲ್ಲಿ ನಾಲ್ಕು ಹೊಟ್ಟೆ ಇಟ್ಟುಕೊಂಡು ಅವಳು ಹಾಗೆ ಹೇಳಿದಳು. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಕೊಟ್ರಬಸಪ್ಪನ ಒಳ್ಳೆಯತನ ಅಲ್ಲಿಗೆ ಮುಗಿಯಿತು. ಟ್ಯಾಂಕ್, ಹೆಂಗಸು, ಮೂರು ದಿನ ಎಂದು ಹಳೇ ರಾಗ ಎಳೆಯತೊಡಗಿದ. ನನಗೆ ತಡೆಯಲಾಗಲಿಲ್ಲ.

"ಈ ಸಭೆಯಾಗೆ ಹೆಣ್ಣು ಮೆಂಬರು ನಾಲ್ಕು ಮಂದಿ ಇದ್ದೀವಿ ಕೊಟ್ರಬಸಪ್ಪ. ಇಷ್ಟು ದಿನ ನೀನು ತಂದ ಬಿಲ್ಲಿಗೆಲ್ಲ ಸಹಿ ಹಾಕೀವಿ. ಯಾವತ್ತಾದ್ರೂ ಇವತ್ತು ಯಾವ ದಿನ ಅಂತ ಕೇಳಿ ಹಾಕಿಸ್ಕೊಂಡೆ ಏನಪ್ಪ?"

ಮಸೀದಿ ಓಣಿಯ ಮೆಂಬರು ತಾಜ್‌ಬೀ, ಎರಡು ವರ್ಷದಿಂದ ಸಭೆಯಲ್ಲಿ ಒಂದು ಮಾತೂ ಆಡದವಳು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಲೇ ಕೈ ಎತ್ತಿದಳು. ಅವಳ ಗಂಡ ಕಿಟಕಿಯಾಚೆ ನಿಂತು ಏನೋ ಸನ್ನೆ ಮಾಡುತ್ತಿದ್ದ. ಅವಳು ಅತ್ತ ನೋಡಲಿಲ್ಲ. ನಾನೆತ್ತಿದೆ, ಉಳಿದ ಇಬ್ಬರು ಹೆಂಗಸರು ಎತ್ತಿದರು, ಕಾಲೋನಿಯ ಮೆಂಬರು ಎತ್ತಿದರು. ಏಳರಲ್ಲಿ ಐದು ಕೈ. ಚಾವಿಯನ್ನು ತೆಗೆದು ಅವಳ ಕೈಗೆ ಕೊಟ್ಟವಳು ನಾನೇ. "ತಗೋರಿ ಉಚ್ಚಂಗೆಮ್ಮ" ಎಂದೆ. ಅವಳಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು, ನಾಲಿಗೆ ಸ್ವಲ್ಪ ತೊಡರಿತು.

ಸೋಮವಾರ ಕಾಲೋನಿಯ ಸರದಿ ಮೊದಲು. ತಕರಾರು ಮಾಡಲು ಯಾರಾದರೂ ಬಂದಾರೆಂದು ನಾನೂ ಬೆಳಗ್ಗೆಯೇ ಕಾಲೋನಿಗೆ ಹೋದೆ. ಯಾರೂ ಬರಲಿಲ್ಲ. ತಕರಾರು ಮಾಡಿದ್ದು ನೀರೇ. ಕಾಲೋನಿ ಇರುವುದು ಊರಿನ ತಗ್ಗಿನಲ್ಲಿ, ಟ್ಯಾಂಕ್ ತುಂಬಿತ್ತು. ವಾಲ್ ತಿರುವಿದ ಎರಡೇ ನಿಮಿಷಕ್ಕೆ ನಲ್ಲಿಗೆ ಸಿಕ್ಕಿಸಿದ್ದ ಪೈಪುಗಳು ಹಾರಿಹೋದವು, ಕೊಡಗಳು ಉರುಳಿದವು, ಅಂಗಳವೆಲ್ಲ ನೀರಾಯಿತು. ಹೆಂಗಸರು ನಲ್ಲಿ ಮುಚ್ಚಲು ಓಡಿದರು. ಮುಚ್ಚುವುದು ಹೇಗೆ? ಆ ಕೇರಿಯ ಒಂದು ನಲ್ಲಿಗೂ ತಿರುವುವ ಹಿಡಿ ಇರಲಿಲ್ಲ. ನೂಲಿನಂತೆ ಸಣ್ಣಗೆ ಬಂದು ತಾನಾಗಿ ನಿಂತುಹೋಗುತ್ತಿದ್ದ ನೀರಿಗೆ ಹಿಡಿ ಯಾಕೆ ಬೇಕಿತ್ತು? ಉಚ್ಚಂಗೆಮ್ಮ ಟ್ಯಾಂಕಿನಿಂದ ಓಡಿ ಬಂದು, ನೀರು ಹಾಳು ಮಾಡಬೇಡಿ, ಕೈಯಲ್ಲಾದರೂ ಒತ್ತಿ ಹಿಡಿಯಿರಿ ಎಂದು ತನ್ನವರಿಗೇ ಬೈಯುತ್ತ ಮನೆಯಿಂದ ಮನೆಗೆ ತಿರುಗಿದಳು.

ಅವಳ ಅತ್ತೆ ಶಿವಗಂಗಮ್ಮ ತಮ್ಮ ಮನೆಯ ನಲ್ಲಿಗೆ ಅಂಗೈ ಒಡ್ಡಿ ಕುಕ್ಕರಗಾಲಿನಲ್ಲಿ ಕೂತಿತ್ತು. ನೀರು ಆ ಕೈಯನ್ನೇ ತಳ್ಳುತ್ತಿತ್ತು. ಮುದುಕಿಯ ಮುಖ, ಎದೆ ಎಲ್ಲ ಒದ್ದೆ. ನನ್ನನ್ನು ಕಂಡು ಕೇಳಿತು, ಸಿಟ್ಟಿನಿಂದಲ್ಲ, ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿತು.

"ನಮ್ಮೂರ ನೀರು ಇಷ್ಟು ಜೋರು ಬರ್ತೈತೇನ್ರೀ ಟೀಚರ್?"

ಟ್ಯಾಂಕ್ ಕಟ್ಟಿ ಇಪ್ಪತ್ತೆರಡು ವರ್ಷವಾಗಿದೆ. ನಾನು ಪಕ್ಕದಲ್ಲಿ ಕೂತು ಆ ಕೈಯ ಮೇಲೆ ನನ್ನ ಕೈಯನ್ನೂ ಒತ್ತಿ ಹಿಡಿದೆ. ಮೊದಲಿಂದಲೂ ಇಷ್ಟೇ ಜೋರು ಶಿವಗಂಗಮ್ಮ ಎಂದು ಹೇಳುವಾಗ ಅಳು ಬಂದುಬಿಟ್ಟಿತು.

ಮುದುಕಿ ನನ್ನ ಅಳು ಗಮನಿಸಲಿಲ್ಲ. ಅದರ ಲೆಕ್ಕ ಬೇರೆಯೇ ಇತ್ತು.

"ಹಂಗಾದ್ರೆ ನಲ್ಲಿಗೆ ಹಿಡಿ ಹಾಕಿಸ್ಬೇಕು" ಎಂದಿತು.

ಮಧ್ಯಾಹ್ನದ ಬಸ್ಸಿಗೆ ಕಾಲೋನಿಯ ಮೂವರು ಹೊಸ ನಲ್ಲಿಗಳನ್ನು ತರಲು ಜಗಳೂರಿಗೆ ಹೋದರು.