ಬ್ಯಾಂಡ್ ಮಾಸ್ತರರ ಮುಂದಿನ ಹಲ್ಲು

ಹಲ್ಲಿನ ಆಸ್ಪತ್ರೆಯ ನರ್ಸಮ್ಮ ಲೋಕದ ಬಾಯಿಗಳಲ್ಲಿ ಅರ್ಧದಷ್ಟನ್ನಾದರೂ ನೋಡಿದವಳು. ಇಲಿ ಸತ್ತುಬಿದ್ದ ತೊಟ್ಟಿಯಂಥ ಬಾಯಿಗೂ ಮೂಗು ಮುರಿದವಳಲ್ಲ. ಅಂಥವಳಿಗೂ ತನ್ನ ಅಕ್ಕನ ಗಂಡ ಬಾಯಿ ತೆರೆದಾಗ ಬೆಳಗಿನ ತಿಂಡಿಯೆಲ್ಲ ಗಂಟಲಿಗೆ ಬಂತು. ಕಿಟಕಿಯ ಪಾರಿವಾಳ ಹಾರಿಹೋಯಿತು. ಕುಂಡದ ಗಿಡ ಆವತ್ತೇ ಬಾಡಿತು, ಬೇಕಾದರೆ ಕಸಗುಡಿಸುವವಳನ್ನು ಕೇಳಿ.

ಭಾವ ಬ್ಯಾಂಡ್ ಮಾಸ್ತರು. ಅವರ ಕ್ಲಾರಿಯೋನೆಟ್ ಕೇಳಿ ಹೆಣವೂ ತಲೆದೂಗಿದ್ದುಂಟು. ಆದರೆ ವಾದ್ಯದ ತುದಿಯನ್ನು ಮೇಲಿನ ಮುಂದಿನ ಹಲ್ಲಿಗೆ ಒತ್ತಿ ಹಿಡಿದರೇನೇ ನಾದ, ಆ ಹಲ್ಲೇ ಈಗ ಅಲ್ಲಾಡುತ್ತಿತ್ತು. ಡಾಕ್ಟರು ಪಾಚಿ ಕೆರೆದು, “ಒಸಡು ಗಟ್ಟಿಯಾದ್ರೆ ಸರಿ, ಇಲ್ದಿದ್ರೆ ಮುಂದಿನ ಸಲ ಕೀಳೋದೇ” ಎಂದವರು, ಉಜ್ಜಲು ಕಲಿಸುವ ಕೆಲಸವನ್ನು ನರ್ಸಮ್ಮನ ಕೊರಳಿಗೆ ಕಟ್ಟಿದರು.

“ಈ ಹೊಸ ಬ್ರಷ್ ತಗೊಳ್ಳಿ. ಹೇಗೆ ಉಜ್ತೀರಿ, ತೋರಿಸಿ ಭಾವ.”

ಮಾಸ್ತರು ತುಕ್ಕುಹಿಡಿದ ಗೇಟಿಗೆ ಉಪ್ಪುಕಾಗದ ಹಾಕುವಂತೆ ಉಜ್ಜಿದರು. ನೊರೆ ಕೆಂಪಾಯಿತು.

“ಅಯ್ಯೋ, ಒಸಡಿನ ಅಂಚಿಗೆ ಓರೆಯಾಗಿಟ್ಟು ಮೆಲ್ಲಗೆ ಸುತ್ತಿಸಿ! ಆಮೇಲೆ ಸಂದಿಸಂದಿಗೂ ಈ ದಾರ.”

“ದಾರ ಯಾಕಮ್ಮ, ನಾನೇನು ಹರಿದುಹೋಗಿದೀನಾ? ನಿನ್ನ ಹಾಲುಹಲ್ಲು ಬೀಳೋ ಮೊದಲಿಂದ ಉಜ್ತಾ ಇದೀನಿ!”

ಮುಂದಿನ ಸಲ ಬಂದಾಗ ಒಸಡು ಇನ್ನಷ್ಟು ಊದಿತ್ತು. ಡಾಕ್ಟರು ಇಕ್ಕಳದ ಕಡೆ ನೋಡಿದರು.

“ನೀ ಹೇಳಿದ ಹಾಗೇ ಉಜ್ಜಿದೀನಿ, ನಿಮ್ಮಕ್ಕನ ಆಣೆ!”

“ಬ್ರಷ್ ಎಲ್ಲಿ?”

ಮಾಸ್ತರು ವಾದ್ಯದ ಪೆಟ್ಟಿಗೆಯಿಂದ ಅದನ್ನು ತೆಗೆದರು. ಬುಡದಲ್ಲಿ ಹಸಿರು ಲೋಳೆ, ಎಳೆಗಳ ನಡುವೆ ಹಳದಿ ಜಿಡ್ಡು. ಚರಂಡಿಯೂ ಅದನ್ನು ಮುಟ್ಟಿದರೆ ಸ್ನಾನ ಮಾಡಬೇಕಾಗಿತ್ತು.

“ಇದರಲ್ಲಿ ಇನ್ನೇನು ಉಜ್ಜಿದ್ರಿ?”

“ವಾದ್ಯದ ಬಾಯಿ. ಮೆತ್ತಗಿದೆ ನೋಡು, ಒಳಗೆಲ್ಲ ಚೆನ್ನಾಗಿ ಹೋಗುತ್ತೆ. ತಂಡದವರದ್ದನ್ನೂ ಉಜ್ಜಿಕೊಟ್ಟೆ.”

“ಆಮೇಲೆ ಅದನ್ನೇ... ಬಾಯಿಗೆ?”

“ಮತ್ತೆ? ನೀನು ಕೊಟ್ಟಿದ್ದು ಒಂದೇ ತಾನೆ!”

ಇಡೀ ಬ್ಯಾಂಡಿನ ಎಂಜಲು! ನರ್ಸಮ್ಮ ಬಾಯಿಗೆ ಕೈ ಅಡ್ಡಹಿಡಿದು ಹೊರಗೋಡಿದಳು. ಹೊಟ್ಟೆ ಖಾಲಿಯಾದ ಮೇಲೆ ಬಂದವಳೇ ಭಾವನ ದವಡೆಯ ಹಲ್ಲುಗಳ ನಡುವೆ ದಾರ ತೂರಿಸಿ, ಎಳೆದು, ಅವರದೇ ಮೂಗಿನಡಿ ಹಿಡಿದಳು.

“ಮೂಸಿ.”

ಮಾಸ್ತರು ಮೂಸಿದರು. ಮುಖ ಹಿಂಡಿದ ಬಟ್ಟೆಯಾಯಿತು. “ಥೂ, ಥೂ! ಎಲ್ಲಿತ್ತೇ ಇದು?”

“ನಿಮ್ಮ ಬಾಯಲ್ಲೇ. ಅಕ್ಕ ಗೋಡೆ ಕಡೆ ತಿರುಗಿ ಮಲಗೋದು ಯಾಕೆ ಅಂತ ಈಗ ಗೊತ್ತಾಯ್ತಾ?”

ಮಾಸ್ತರು ಆ ಬ್ರಷ್ಷನ್ನು ತಾವೇ ಕಸದ ಬುಟ್ಟಿಗೆ ಎಸೆದರು. ನಾದಿನಿ ಕಾಡಿಬೇಡಿದ್ದಕ್ಕೆ ಡಾಕ್ಟರು ಇಕ್ಕಳ ಕೆಳಗಿಟ್ಟು ಇನ್ನೊಂದು ಅವಕಾಶ ಕೊಟ್ಟರು. ಹೊಸ ಬ್ರಷ್ ವಾದ್ಯದ ಪೆಟ್ಟಿಗೆಯ ಹತ್ತಿರವೂ ಸುಳಿಯಲಿಲ್ಲ. ಊಟವಾದೊಡನೆ ಮಾಸ್ತರು ದಾರ ಎಳೆದು, ಮೂಸಿ, ಥೂ ಎನ್ನುವರು. ಥೂ ಎನ್ನುವುದು ನಿಲ್ಲುವವರೆಗೂ ಎಳೆಯುವರು.

ಒಸಡು ಬಂಡೆಯಾಯಿತು. ಹಲ್ಲು ಉಳಿಯಿತು. ಆ ಖುಷಿಗೆ ಮಾಸ್ತರು ಇಡೀ ತಂಡವನ್ನೇ ಆಸ್ಪತ್ರೆಗೆ ಕರೆತಂದರು. ಕಹಳೆಯವನು, ಡೋಲಿನವನು, ತಾಳದವನು, ಎಲ್ಲರೂ ಬಳಸಿದ ದಾರವನ್ನು ಬೆರಳಿಗೆ ಸುತ್ತಿಕೊಂಡು ಸಾಲಾಗಿ ನಿಂತಿದ್ದರು.

“ಸಿಸ್ಟರ್, ನಂದು ಸ್ವಲ್ಪ ಮೂಸಿ ಹೇಳಿ, ಪರವಾಗಿಲ್ವಾ?”

ನರ್ಸಮ್ಮ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಕಟ್ಟಿಕೊಂಡಳು.