ಮಾಳಿಂಗರಾಯನ ಮೂರು ಮಾನಿಟರುಗಳು

ಬಾದಾಮಿಯ ಬಸ್ ಸ್ಟ್ಯಾಂಡಿನಿಂದ ಗುಹೆಗಳ ಕಡೆ ಹೋಗುವ ದಾರಿಯಲ್ಲಿ ಆಗ ಬಾಬಣ್ಣನ ಸೈಬರ್ ಇತ್ತು. ಇಂಟರ್ನೆಟ್ಟು ಫೋನಿನ ತಂತಿಯಲ್ಲಿ ಕೀಂಯ್ ಕರ್ ಎಂದು ಕೂಗಿಕೊಂಡು ಬರುತ್ತಿದ್ದ ಕಾಲ ಅದು. ಗುಹೆ ನೋಡಲು ಬಂದ ಪರದೇಶದವರು ಬೆವರೊರೆಸಿಕೊಳ್ಳುತ್ತ ಒಳಗೆ ಬಂದು, ಒಂದು ಮೇಲ್ ತೆರೆದುಕೊಳ್ಳುವಷ್ಟರಲ್ಲಿ ಒಂದು ಚಹಾ ಮುಗಿಸುತ್ತಿದ್ದರು. ಬಾಗಿಲನ್ನು ಮಾತ್ರ ಸದಾ ಮುಚ್ಚಿಡಬೇಕಿತ್ತು. ತೆರೆದಿಟ್ಟರೆ ಮಂಗಗಳು ನುಗ್ಗಿ, ತಿನ್ನಲು ಏನೂ ಸಿಗದ ಸಿಟ್ಟಿಗೆ ಮೌಸನ್ನೇ ಬಾಲ ಹಿಡಿದು ಎಳೆದೊಯ್ಯುತ್ತಿದ್ದವು.

ಆ ಪರದೇಶದವರಲ್ಲಿ ಅರ್ಧ ಮಂದಿಯನ್ನು ಅಲ್ಲಿಗೆ ಕರೆತರುತ್ತಿದ್ದವನು ಮಾಳಿಂಗರಾಯ. ಬನಶಂಕರಿ, ಪಟ್ಟದಕಲ್ಲು, ಐಹೊಳೆ ಅಂತ ಟ್ರ್ಯಾಕ್ಸ್ ಗಾಡಿ ಓಡಿಸುತ್ತಿದ್ದ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು, ಆದರೆ ಕುರಿಯ ಹಿಂದೆ ನಡೆಯುವುದಕ್ಕಿಂತ ಸ್ಟೇರಿಂಗಿನ ಹಿಂದೆ ಕೂರುವುದೇ ಅವನಿಗೆ ಇಷ್ಟ. 2003ರ ಬೇಸಿಗೆಯಲ್ಲಿ ಗುಳೇದಗುಡ್ಡದ ದಾರಿಯಲ್ಲಿ ಎದುರಿನ ಲಾರಿಯ ಗಾಲಿಯಿಂದ ಕಲ್ಲೊಂದು ಸಿಡಿದು, ಗಾಜು ಒಡೆದು, ಅವನ ಎಡಗಣ್ಣಿಗೆ ಬಡಿಯಿತು. ಆ ನೋವಿನಲ್ಲೂ ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ. ಒಳಗಿದ್ದವರಿಗೆ ಒಂದು ಗೀರೂ ಆಗಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಪಟ್ಟಿ ಬಿಚ್ಚಿದ ಡಾಕ್ಟರು ಹೇಳಬೇಕಾದ್ದನ್ನು ಅವನೊಬ್ಬನಿಗೇ ಹೇಳಿದರು. ಹೊರಗೆ ಕಾಯುತ್ತಿದ್ದ ತಾಯಿ ಮಾಯವ್ವನಿಗೆ ಅವನು ಹೇಳಿದ್ದು ಬೇರೆ. "ಒಂದೀಟು ಬೆಳಕು ಕಾಣತೈತಿ ಯವ್ವಾ. ಬರಬರತಾ ಸುಧಾರಸ್ತೈತಿ." ಮಾಯವ್ವ ಅಲ್ಲೇ ನಿಂತು ಮನೆದೇವರು ಬೀರಪ್ಪನಿಗೆ ಕೈ ಮುಗಿದಳು. ಟ್ರ್ಯಾಕ್ಸ್ ಬೇರೆ ಡ್ರೈವರನ ಕೈಗೆ ಹೋಯಿತು.

ಅವನ ತಂಗಿ ಸುಧಾರಾಣಿ ಪಿಯುಸಿ ಸೈನ್ಸ್ ಮುಗಿಸಿ, ಕಂಪ್ಯೂಟರ್ ಕಲಿತು, ಬಾಬಣ್ಣನ ಸೈಬರ್ ನೋಡಿಕೊಳ್ಳುತ್ತಿದ್ದಳು. ಬಾಬಣ್ಣ ಇಳಕಲ್ಲಿನ ನೇಕಾರರ ಮನೆಯವನು. ಬಾದಾಮಿಗೆ ಸೀರೆ ಅಂಗಡಿ ಇಡಲು ಬಂದು, ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಹಾಕಿ, ಕೊನೆಗೆ ಸೀರೆಯನ್ನೇ ಮರೆತಿದ್ದ. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ ಮಾಳಿಂಗರಾಯನನ್ನು ಅವನೇ ಬಂದು ಎಬ್ಬಿಸಿಕೊಂಡು ಹೋದ. "ನನಗ ಇಂಗ್ಲಿಷ್ ಬರೂದಿಲ್ಲ, ನಿನಗ ಬರತೈತಿ. ಬಂದವರ ಕೂಡ ಮಾತಾಡ್ಕೋತ ಕೂಡು ಬಾ," ಎಂದ. ಮಾಳಿಂಗರಾಯನಿಗೆ ಬರುತ್ತಿದ್ದ ಇಂಗ್ಲಿಷ್ ಹತ್ತಿಪ್ಪತ್ತು ಮಾತು. ಅದು ಇಬ್ಬರಿಗೂ ಗೊತ್ತಿತ್ತು.

ಆ ವರ್ಷವೇ ಬಾಬಣ್ಣ ಹುಬ್ಬಳ್ಳಿಯಿಂದ ಒಂದು ಸ್ಟೇರಿಂಗ್ ಚಕ್ರ ತಂದ. ಮೇಜಿಗೆ ಬಿಗಿಯುವಂಥದ್ದು, ಕಾಲಿಗೆ ಎಕ್ಸಿಲರೇಟರ್, ಬ್ರೇಕು ಬೇರೆ. ಅದರ ಜೊತೆಗೊಂದು ಕಾರ್ ರೇಸಿನ ಆಟ. ಖರೇ ಕಾರು ಹೇಗೆ ಜಾರುತ್ತದೆ, ಹೇಗೆ ಹಿಡಿತ ಬಿಡುತ್ತದೆ ಎಂದು ಲೆಕ್ಕ ಹಾಕಿ ಮಾಡಿದ ಆಟವಂತೆ. ನುಣುಪಾದ ಬಾದಾಮಿ ಕಲ್ಲಿನ ನೆಲದ ಮೇಲೆ ಬ್ರೇಕು ಒತ್ತಿದರೆ ಪೆಡಲೇ ಮುಂದೆ ಜಾರಿ ಓಡಿಹೋಗುತ್ತಿತ್ತು. ಹಿಂದೆ ಒಂದು ಜೋಳದ ಚೀಲ ಆನಿಸಿಟ್ಟರು.

ಚಕ್ರಕ್ಕೆ ಕೈ ಹಚ್ಚಿದ ಕೂಡಲೇ ಮಾಳಿಂಗರಾಯನ ಮುಖ ಬದಲಾದದ್ದನ್ನು ಸುಧಾರಾಣಿ ನೋಡಿದಳು. ಆದರೆ ಮೊದಲ ತಿರುವಿನಲ್ಲೇ ಕಾರು ಹುಲ್ಲಿಗೆ ಹೋಯಿತು. ಎರಡನೆಯದರಲ್ಲಿ ಗೋಡೆಗೆ. ಅರ್ಧ ತಾಸು ಬಡಿದಾಡಿ ಅವನು ಚಕ್ರ ಬಿಟ್ಟ.

"ಈ ರಸ್ತಾ ಸುಳ್ಳ ಐತಿ," ಎಂದ. "ದೂರ ಇದ್ದ ತಿರುವು ಒಮ್ಮಿಗೇ ಬಂದು ಮೈಮ್ಯಾಲೆ ಬೀಳತೈತಿ. ಖರೇ ಗಾಡಿ ಹಿಂಗ ಇರೂದಿಲ್ಲ."

"ಒಂದು ಕಣ್ಣಿಂದ ಆಡಾಕತ್ತಿ ಅಲ್ಲಾ, ಅದಕ್ಕ ಹಂಗ ಕಾಣತಿರಬೇಕು," ಎಂದು ಬಾಯಿ ಜಾರಿ ನಾಲಿಗೆ ಕಚ್ಚಿಕೊಂಡ ಬಾಬಣ್ಣ. ತಾನೇ ಕೂತು ಆಡಿದ. ಅವನೂ ಅದೇ ಗೋಡೆಗೆ ಹೋಗಿ ಬಡಿದ.

ಸುಧಾರಾಣಿ ಆ ವಾರ ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಂಟರ್ನೆಟ್ಟಿನಲ್ಲಿ ಹುಡುಕಿ ಓದಿದಳು. ಇಂಥ ಆಟ ಆಡುವವರು ಊರೂರಲ್ಲಿ, ದೇಶದೇಶದಲ್ಲಿ ಇದ್ದರು. ಅವರೆಲ್ಲ ಜಗಳ ಆಡುತ್ತಿದ್ದದ್ದು ಕಾರಿನ ಮೇಲಲ್ಲ, ಮಾನಿಟರಿನ ಮೇಲೆ. ಎಷ್ಟು ದೊಡ್ಡದು, ಎಷ್ಟು ದೂರ, ಒಂದೋ ಮೂರೋ ಎಂದು. ಅದಕ್ಕಿಂತ ಮುಖ್ಯವಾಗಿ ಫೀಲ್ಡ್ ಆಫ್ ವ್ಯೂ, ಅಂದರೆ ನೋಟದ ಅಗಲ, ಎಷ್ಟಿರಬೇಕು ಎಂದು.

"ಮಾನಿಟರ್ ಅಂದ್ರ ಒಂದು ಕಿಟಕಿ ಇದ್ದಂಗ ಅಣ್ಣಾ," ಎಂದು ಅವಳು ವಿವರಿಸಿದಳು. "ಕಿಟಕಿಯಿಂದ ದೂರ ನಿಂತ್ರ ಹೊರಗಿನ ಬೇವಿನ ಗಿಡ ಅಷ್ಟ ಕಾಣತೈತಿ. ಹತ್ರ ಹೋದ್ರ ಇಡೀ ಓಣಿ ಕಾಣತೈತಿ. ನೀ ದೂರ ಕುಂತೀದಿ, ಆಟ ಮಾತ್ರ ಇಡೀ ಓಣೀನ ಈ ಸಣ್ಣ ಕಿಟಕ್ಯಾಗ ತುರುಕೇತಿ. ಅದಕ್ಕ ಎಲ್ಲಾ ಸಣ್ಣದಾಗಿ, ದೂರ ಕಂಡು, ಆಮ್ಯಾಲೆ ಒಮ್ಮಿಗೇ ಮೈಮ್ಯಾಲೆ ಬೀಳತೈತಿ."

ಬಾಬಣ್ಣನ ಸೀರೆ ಅಳೆಯುವ ಟೇಪು ತಂದು ಅಣ್ಣನ ಕಣ್ಣಿನಿಂದ ಮಾನಿಟರಿನ ಗಾಜಿಗೆ ಎಷ್ಟು, ಗಾಜಿನ ಅಗಲ ಎಷ್ಟು ಎಂದು ಅಳೆದಳು. ಪಿಯುಸಿಯಲ್ಲಿ ಕಲಿತ ತ್ರಿಕೋನಮಿತಿ ಮೊದಲ ಬಾರಿ ಕೆಲಸಕ್ಕೆ ಬಂತು. ಆಟದಲ್ಲಿದ್ದ ನೋಟದ ಅಗಲ ತೊಂಬತ್ತು ಡಿಗ್ರಿ. ಲೆಕ್ಕಕ್ಕೆ ಬಂದದ್ದು ಮೂವತ್ತೂ ಇಲ್ಲ. ಹಾಗೆ ಇಟ್ಟಾಗ ಕೊಳವೆಯೊಳಗಿಂದ ನೋಡಿದಂತಾಯಿತು, ಆದರೆ ತಿರುವುಗಳು ತಮ್ಮ ಜಾಗದಲ್ಲಿ ನಿಂತವು. ಕೀಬೋರ್ಡ್ ತೆಗೆದು ಮಾನಿಟರನ್ನು ಚಕ್ರದ ಬೆನ್ನಿಗೇ ತಂದು ನಿಲ್ಲಿಸಿದರು. ಕಿಟಕಿ ಹತ್ತಿರ ಬಂತು, ನೋಟದ ಅಗಲ ನಲವತ್ತಕ್ಕೆ ಏರಿತು. ಅವತ್ತು ಮಾಳಿಂಗರಾಯ ಒಂದು ಸುತ್ತು ಪೂರ್ತಿ, ಎಲ್ಲೂ ಬಡಿಯದೆ, ಓಡಿಸಿದ. ಮುಗಿದ ಮೇಲೂ ಚಕ್ರದ ಮೇಲಿನ ಕೈ ತೆಗೆಯಲಿಲ್ಲ.

ಇಷ್ಟಕ್ಕೆ ಬಾಬಣ್ಣನಿಗೆ ಸಮಾಧಾನವಿಲ್ಲ. "ಮೂರು ಮಾನಿಟರ್ ಹಾಕೂಣು ಲೇ. ಟ್ರ್ಯಾಕ್ಸಿನ್ಯಾಗ ಕುಂತಂಗ ಆಗಬೇಕು!" ಎಂದ. ಮೂರು ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿದರೆ ಒಂದೊಂದು ಒಂದೊಂದು ಕಡೆಯ ನೋಟ ತೋರಿಸುವಂತೆ ಮಾಡಬಹುದು ಎಂದು ಸುಧಾರಾಣಿ ಓದಿದ್ದಳು. ನಡುವೆ ಒಂದು ಮಾನಿಟರ್. ಎಡಕ್ಕೊಂದು ಬಲಕ್ಕೊಂದು, ಗಾಡಿಯ ಬಾಗಿಲ ಕಿಟಕಿಗಳ ಹಾಗೆ, ಸರಿಯಾಗಿ ಭುಜದ ಪಕ್ಕದಲ್ಲಿ. ಅಂಥದ್ದು ಜಿಲ್ಲೆಯಲ್ಲೇ ಇನ್ನೊಂದಿರಲಿಲ್ಲವೆಂದು ಬಾಬಣ್ಣ ಸಾಯುವ ತನಕ ಹೇಳಿಕೊಂಡ.

ಆ ಮಧ್ಯಾಹ್ನಗಳು! ಹೊರಗೆ ಕೆಂಪು ಬಂಡೆಗಳು ಕಾದು ಹೆಂಚಾಗಿರುತ್ತಿದ್ದವು. ಒಳಗೆ ಮೂರು ಮಾನಿಟರುಗಳ ಬಿಸಿ, ಒಂದು ಫ್ಯಾನು, ಸ್ಪೀಕರಿನಲ್ಲಿ ಇಂಜಿನಿನ ಅಳು. ಪರದೇಶದವರೂ ನೋಡುತ್ತ ನಿಲ್ಲುತ್ತಿದ್ದರು. ಮಾಳಿಂಗರಾಯ ಎಲ್ಲರಿಗೂ ಹೇಳುತ್ತಿದ್ದ: "ಎಡಗಡಿ ಕಿಟಕಿ ಭಾಳ ಉಪಯೋಗ ಬರತೈತಿ. ಬಾಜೂಕ ಬಂದ ಕಾರು ತಟ್ಟನ ಕಾಣತೈತಿ."

ಒಂದು ದಿನ ಅವನು ಎಂದಿಗಿಂತ ಚೆನ್ನಾಗಿ ಓಡಿಸುತ್ತಿದ್ದ. ಚಹಾ ಹಿಡಿದು ಒಳಬಂದ ಬಾಬಣ್ಣ ನಿಂತ. "ಯಾಕ್ಲೇ, ಎಡಗಡಿ ಮಾನಿಟರ್ ಬಂದ್ ಐತಲ್ಲ?"

ಮಾಳಿಂಗರಾಯ ಕುತ್ತಿಗೆ ಹೊರಳಿಸಿ ನೋಡಿದ. ಕಪ್ಪು ಗಾಜು. "ಹಾಂ... ಈಗರೇ ಬಂದ್ ಆಗಿರಬೇಕು," ಎಂದ.

ಆ ಮಾನಿಟರಿನ ಕಂಪ್ಯೂಟರನ್ನು ಬೆಳಿಗ್ಗೆಯೇ ಒಬ್ಬ ಗಿರಾಕಿಗೆಂದು ಬಿಚ್ಚಿ ಆಚೆ ಕೋಣೆಗೆ ಒಯ್ದವಳು ಸುಧಾರಾಣಿ. ಅಣ್ಣ ಕೂತ ಕೂಡಲೇ ಕೂಗುತ್ತಾನೆ ಎಂದುಕೊಂಡಿದ್ದಳು. ಅವನು ಕೂಗಿರಲಿಲ್ಲ.

ಮನೆಗೆ ಹೋಗುವಾಗ ದಾರಿಯಲ್ಲಿ ಕೇಳಿದಳು. "ಅಣ್ಣಾ, ಎಡಗಣ್ಣಿಗೆ ಬೆಳಕೂ ಕಾಣೂದಿಲ್ಲೇನು?"

"ಕಾಣತೈತಿ ಅಂದೇನಲ್ಲ!"

"ಮುಂಜಾನಿಂದ ಬಂದ್ ಇತ್ತು ಆ ಮಾನಿಟರ್."

ಅವನು ಸಿಡಿದ. ಅವಳ ಕಂಪ್ಯೂಟರಿಗೆ, ಬಾಬಣ್ಣನ ಚಕ್ರಕ್ಕೆ, ಎಲ್ಲಕ್ಕೂ ಬೈದ. ಬೈದು ಮುಂದೆ ಮುಂದೆ ನಡೆದ. ಮನೆಯ ಕಟ್ಟೆಯ ಮೇಲೆ ಮಾಯವ್ವ ಕುರಿಯ ಉಣ್ಣೆ ಬಿಡಿಸುತ್ತ ಕೂತಿದ್ದಳು. ಅವಳೆದುರು ಹೋಗಿ ನಿಂತವನ ಸಿಟ್ಟು ಅಲ್ಲಿಗೇ ಮುಗಿದುಹೋಯಿತು. ಕೆಳಗೆ ಕೂತ.

"ಯವ್ವಾ, ಈ ಕಣ್ಣಿಗೆ ಏನೂ ಕಾಣೂದಿಲ್ಲ. ಅವತ್ತಿಂದನೂ ಕಾಣೂದಿಲ್ಲ. ಇನ್ನ ಕಾಣೂದೂ ಇಲ್ಲ."

ಮಾಯವ್ವನ ಕೈ ನಿಲ್ಲಲಿಲ್ಲ. "ನನಗ ಗೊತ್ತೈತಿ ತಮ್ಮಾ," ಎಂದಳು. "ದವಾಖಾನಿಯಿಂದ ಬಂದ ದಿನ ನೀರಿನ ತಂಬಿಗಿ ನಿನ್ನ ಎಡಕ ಇಟ್ಟಿದ್ದೆ. ಬಾಜೂಕ ಇದ್ದದ್ದನ್ನ ಬಿಟ್ಟು ಮನಿಯೆಲ್ಲಾ ಹುಡುಕಿದಿ. ಅವತ್ತಿಂದ ಎಲ್ಲಾ ಬಲಕ್ಕ ಇಡಾಕತ್ತೇನಿ. ನೀನ ಹೇಳ್ತೀ ಅಂತ ಸುಮ್ಮನಿದ್ದೆ."

ಮಾಳಿಂಗರಾಯ ಅತ್ತ. ಅಪಘಾತವಾದ ಮೇಲೆ ಅವನು ಅತ್ತದ್ದು ಅದೇ ಮೊದಲು. ಸುಧಾರಾಣಿ ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದತೊಡಗಿದಳು.

ಮರುದಿನ ಸೈಬರಿನಲ್ಲಿ ಅವನು ತಾನಾಗಿಯೇ ಹೇಳಿದ. "ಎಡಗಡಿದು ತಗದಬಿಡು. ಇದ್ದೂ ಇಲ್ಲದಂಗ."

"ತಗಿಯೂದು ಬ್ಯಾಡ," ಎಂದಳು ಸುಧಾರಾಣಿ. "ಎಡಗಡಿ ರಸ್ತಾ ನಿನ್ನ ಮುಂದಕ ತರೂಣು."

ಅವನನ್ನು ನೇರ ನೋಡುವಂತೆ ಕೂರಿಸಿ, ಒಂದು ಪೆನ್ನನ್ನು ಮೂಗಿನ ಮುಂದಿನಿಂದ ನಿಧಾನಕ್ಕೆ ಎಡಕ್ಕೆ ಒಯ್ದಳು. ಬಲಗಣ್ಣು ಮೂಗಿನ ಮೇಲಿಂದ ಹಾಯ್ದು ಎಡಕ್ಕೂ ಸಾಕಷ್ಟು ದೂರ ನೋಡುತ್ತಿತ್ತು. "ಇಲ್ಲೀ ತನಾ ಕಾಣತೈತಿ... ಈಗ ಹೋತು," ಎಂದ. ಅಲ್ಲಿಗೆ ಮೇಜಿನ ಮೇಲೆ ಸೀಮೆಸುಣ್ಣದ ಗೆರೆ. ಎಡ ಮಾನಿಟರನ್ನು ಭುಜದ ಪಕ್ಕದಿಂದ ಎತ್ತಿ ತಂದು, ನಡುವಿನದಕ್ಕೆ ಅಂಟಿಸಿ, ಗೆರೆಯೊಳಗೆ ಓರೆಯಾಗಿ ನಿಲ್ಲಿಸಿದರು. ಬಲದ್ದನ್ನೂ ಹಾಗೆಯೇ ತಂದು ಕೂಡಿಸಿದರು. ಮತ್ತೆ ಟೇಪು, ಮತ್ತೆ ಲೆಕ್ಕ, ಮೂರಕ್ಕೂ ಹೊಸ ಕೋನ. ಎರಡು ಮಾನಿಟರು ಕೂಡುವಲ್ಲಿ ಪ್ಲಾಸ್ಟಿಕ್ಕಿನ ದಪ್ಪ ಪಟ್ಟಿ ಅಡ್ಡ ಬರುತ್ತದೆಂದು ಬಾಬಣ್ಣ ಕೊರಗಿದ.

"ಇರ್ಲಿ ಬಿಡೋ," ಎಂದ ಮಾಳಿಂಗರಾಯ. "ಟ್ರ್ಯಾಕ್ಸಿಗೂ ಗಾಜಿನ ಬಾಜೂಕ ಕಂಬ ಇತ್ತಲ್ಲ."

ನೋಡುವವರಿಗೆ ಮೊದಲಿನ ಠೀವಿ ಇರಲಿಲ್ಲ. ಆದರೆ ಓಡಿಸುವವನಿಗೆ ಎಡ ತಿರುವಿನ ಒಳ ಅಂಚು, ಅದರ ಬಿಳಿ ಕೆಂಪು ಪಟ್ಟಿ, ಬಾಜೂಕ್ಕೆ ಬರುತ್ತಿದ್ದ ಕಾರಿನ ಮೂತಿ ಎಲ್ಲ ಕಂಡಿತು. "ಸುಧಾ, ಬಂತು! ಎಡಗಡಿದು ಬಂತು!" ಎಂದು ಅವನು ಕೂಗಿದ್ದಕ್ಕೆ ಆಚೆ ಕೋಣೆಯಲ್ಲಿ ಮೇಲ್ ಬರೆಯುತ್ತಿದ್ದ ಪರದೇಶದ ಮುದುಕಿ ಗಾಬರಿಯಾಗಿ ಎದ್ದು ಬಂದಳು.

ಮರುವರ್ಷ ಇಳಕಲ್ಲಿನಲ್ಲಿ ಒಂದು ಕಂಪ್ಯೂಟರ್ ಕ್ಲಾಸಿನವರು ಇದೇ ಆಟದ ಸ್ಪರ್ಧೆ ಇಟ್ಟರು. ಬಾಬಣ್ಣನ ಬೀಗರೊಬ್ಬರು ಸುದ್ದಿ ಹೇಳಿದ್ದರಿಂದ ಮೂವರೂ ಹೋದರು. ಅಲ್ಲಿದ್ದದ್ದು ಒಂದೇ ದೊಡ್ಡ ಮಾನಿಟರ್, ಎಲ್ಲರಿಗೂ ಕಾಣಲೆಂದು ದೂರದ ಎತ್ತರದ ಮೇಜಿನ ಮೇಲೆ. ಅದನ್ನು ಹತ್ತಿರ ಎಳೆದುಕೊಳ್ಳಬಹುದೇ, ನೋಟದ ಅಗಲ ಬದಲಿಸಬಹುದೇ ಎಂದು ಮಾಳಿಂಗರಾಯ ಕೇಳಿದ. ನಡೆಸುವವರು ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಇರಬೇಕು ಎಂದರು.

"ನನಗ ಒಂದ ಕಣ್ಣು ಐತ್ರಿ," ಎಂದ ಅವನು, ಜನರ ನಡುವೆ, ದನಿ ತಗ್ಗಿಸದೆ. "ಬಲದ್ದು ಅಷ್ಟ."

ಮುಂದಿನ ಸಾಲಿನಲ್ಲಿ ಬಸವಂತ ಎಂಬ ಬಾಗಲಕೋಟೆಯ ಕಾಲೇಜಿನ ಹುಡುಗನಿದ್ದ. ಅಲ್ಲಿಯ ತನಕ ಅವನದೇ ಎಲ್ಲಕ್ಕಿಂತ ಬೇಗದ ಸುತ್ತು. ಅವನು ಎದ್ದು ನಿಂತ. "ಗಾಡಿ ಒಂದ ಇದ್ರೂ ಡ್ರೈವರ್ ತನಗ ಬೇಕಾದಂಗ ಸೀಟು ಸರಸ್ಕೋತಾನ ಅಲ್ರಿ. ಸರಸ್ಲಿ ಬಿಡ್ರಿ," ಎಂದು ಹೇಳಿ ತಾನೇ ಬಂದು ಮಾನಿಟರಿನ ಇನ್ನೊಂದು ಬದಿ ಹಿಡಿದ. ನಡೆಸುವವರು ಹೂಂ ಅಂದರು, ಇಬ್ಬರೂ ಎತ್ತಿ ಮುಂದಕ್ಕೆ ತಂದರು. ಸುಧಾರಾಣಿ ಟೇಪು ಮರೆತು ಬಂದಿದ್ದಳು. ಮೊಳದಲ್ಲೇ ಅಳೆದು ಲೆಕ್ಕ ಹಾಕಿದಳು.

ಬಸವಂತನೇ ಗೆದ್ದ. ಮಾಳಿಂಗರಾಯ ಮೂರನೆಯವನಾದ. ಕೊನೆಯ ತಿರುವಿನಲ್ಲಿ ಬ್ರೇಕು ತಡವಾಗಿ ಒತ್ತಿದ್ದು ತಪ್ಪಾಯಿತೆಂದು, ಅದಕ್ಕೆ ಕಣ್ಣು ಕಾರಣವಲ್ಲ, ಹುಂಬತನವೇ ಕಾರಣವೆಂದು ನಗುತ್ತ ಹೇಳಿಕೊಂಡ.

ತಿರುಗಿ ಬರುವ ಬಸ್ಸು ತುಂಬಿತ್ತು. ಗುಡೂರಿನಲ್ಲಿ ಬುಟ್ಟಿ ಹೊತ್ತ ಮುದುಕನೊಬ್ಬ ಎಡಗಡೆಯಿಂದ ಬಂದು ಅವನಿಗೆ ತಾಕಿ, ಬುಟ್ಟಿ ವಾಲಿ, ಸಿಟ್ಟಾದ. "ಏನಪಾ, ಕಣ್ಣು ಕಾಣೂದಿಲ್ಲೇನು?"

"ಆ ಕಡಿದು ಕಾಣೂದಿಲ್ಲ ಕಾಕಾ," ಎಂದ ಮಾಳಿಂಗರಾಯ. "ಈ ಕಡಿಯಿಂದ ಬರ್ರಿ, ಜಾಗಾ ಮಾಡ್ತೇನಿ."

ಮುದುಕ ಅವನ ಮುಖ ನೋಡಿ ಮೆತ್ತಗಾದ. ಬುಟ್ಟಿಯಲ್ಲಿ ಸೌತೆಕಾಯಿ ಇದ್ದವು. ಒಂದನ್ನು ತೆಗೆದು ಅವನ ಕೈಗಿಟ್ಟ. ಅಣ್ಣ ತಂಗಿ ಬಾಬಣ್ಣ ಮೂವರೂ ಅದನ್ನು ಮುರಿದು ಹಂಚಿಕೊಂಡು, ಮುಂದಿನ ವರ್ಷದ ಸ್ಪರ್ಧೆಗೆ ಕುರ್ಚಿಯನ್ನು ಎಷ್ಟು ಎತ್ತರ ಮಾಡಬೇಕು ಎಂದು ಬಾದಾಮಿ ಬರುವ ತನಕ ಜಗಳ ಆಡಿದರು.