ಹೊಳೆವ್ವನ ತವರುಮನೆ

ಬಿಸಿಲು ಬಿದ್ದರೆ ಹೊಳೆ ಇಳಿಯುತ್ತದೆ ಎಂಬುದನ್ನು ಶಿಲ್ಪಾಗೆ ಯಾರೂ ಕೂರಿಸಿಕೊಂಡು ಕಲಿಸಿರಲಿಲ್ಲ. ಗಳಗನಾಥದಲ್ಲಿ, ವರದೆ ಬಂದು ತುಂಗಭದ್ರೆಯನ್ನು ಕೂಡುವಲ್ಲಿ, ಅಜ್ಜಿ ಭರಮವ್ವ ನಲವತ್ತು ವರ್ಷ ಹರಗೋಲು ಹಾಕಿದವಳು. ಮೋಡ ಕಟ್ಟಿದರೆ ಹರಗೋಲು ದಂಡೆಯ ಮೇಲೆ ಬೋರಲು. ಮುಗಿಲು ತಿಳಿಯಾದರೆ ಮತ್ತೆ ನೀರಿಗೆ. ಬಿಸಿಲಿದ್ದಾಗ ಹೊಳೆವ್ವ ತವರಿಗೆ ಹೋಗಿರುತ್ತಾಳೆ, ಆಗ ಅಂಜಬಾರದು ಎಂದು ಮೊಮ್ಮಕ್ಕಳಿಗೆ ಕತೆ ಕಟ್ಟಿ ಹೇಳಿದವಳೂ ಅವಳೇ.

ಈಗ ಆ ಮೊಮ್ಮಕ್ಕಳು ಹಿಮಾಲಯದ ಹೊಳೆಗೆ ಹೊರಟಿದ್ದರು: ಶಿಲ್ಪಾ, ತಮ್ಮ ಚನ್ನೇಶ, ಜೊತೆಗೆ ಬ್ಯಾಡಗಿಯ ಅಸ್ಲಮ್. ಮೂವರೂ ದಾಂಡೇಲಿಯ ಕಾಳಿ ನದಿಯಲ್ಲಿ ಎಂಟು ವರ್ಷ ಕಯಾಕ್ ಎಂಬ ಒಬ್ಬರ ಕಿರುದೋಣಿ ನಡೆಸಿ, ಬಂದವರಿಗೆ ಕಲಿಸಿ ಕೈ ಪಳಗಿಸಿಕೊಂಡವರು. ರಾಣೆಬೆನ್ನೂರಿನಿಂದ ರೈಲಿಗೆ ನಾಲ್ಕೇ ದಿನ ಉಳಿದಿತ್ತು. ಯಾವ ದಿನ ಎಷ್ಟು ದೂರ, ಯಾರು ಮುಂದೆ, ಎಲ್ಲಿ ಕಯಾಕ್ ಹೊತ್ತು ನಡೆಯಬೇಕು, ಎಲ್ಲ ಬರೆಯುವ ಹೊಣೆ ಶಿಲ್ಪಾಳದು.

ಬರೆದೂ ಆಗಿತ್ತು. ಆದರೂ ಮೂರನೇ ದಿನದ ಹಾಳೆಗೆ ಬಂದ ಕೂಡಲೇ ಅವಳ ಎದೆಯೊಳಗೆ ಯಾರೋ ಹಗ್ಗ ಬಿಗಿದಂತಾಗುತ್ತಿತ್ತು. ಆ ದಿನ ಆರು ಕಿಲೋಮೀಟರಿನ ಕೊರಕಲು. ಎರಡೂ ಕಡೆ ಗೋಡೆಯಂಥ ಬಂಡೆ. ಒಳಗೆ ಹೊಕ್ಕರೆ ಹತ್ತಿ ಬರಲು ದಂಡೆಯಿಲ್ಲ. ನಡುವೆ ಒಂದು ಆನೆಗಲ್ಲು. ಅದು ನೀರಿನ ಮೇಲೆ ಕಾಣುತ್ತಿದ್ದರೆ ಎಡಕ್ಕೆ ದಾರಿಯುಂಟು. ಮುಳುಗಿದ್ದರೆ ಅದರ ಹಿಂದೆ ನೀರು ಮಡಚಿಕೊಂಡು ತಿರುಗುತ್ತದೆ, ಹಿಡಿದ ಕಯಾಕನ್ನು ಬಿಡುವುದಿಲ್ಲ. ಮುಂದೆ ಹೋಗುವವನು ಚನ್ನೇಶ. ಅವರನ್ನು ಹೊಳೆಗೆ ಒಯ್ಯಲಿದ್ದ ಅಲ್ಲಿನ ಜೀಪಿನವನು ಕಳಿಸಿದ ಫೋಟೋದಲ್ಲಿ ಕಲ್ಲು ಆಳುದ್ದ ಮೇಲೆ ನಿಂತಿತ್ತು. ಬಿಸಿಲೇರಿ ಚಳಿ ಮುರಿಯಲಿ, ನೀರೂ ಇನ್ನಷ್ಟು ಇಳಿಯಲಿ ಎಂದು ಶಿಲ್ಪಾ ಆ ಜಾಗಕ್ಕೆ ಮಧ್ಯಾಹ್ನ ಎರಡರ ಹೊತ್ತು ಬರೆದಿದ್ದಳು. ಹತ್ತು ಸಲ ಓದಿದಳು. ತಪ್ಪು ಕಾಣಲಿಲ್ಲ, ಹಗ್ಗವೂ ಸಡಿಲಾಗಲಿಲ್ಲ.

ಮರುದಿನ, ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗಗಳನ್ನು ತರಲು ಬ್ಯಾಡಗಿಗೆ ಹೋದಳು. ಅಸ್ಲಮ್ ಈಗ ಕೆಲಸ ಮಾಡುವುದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ. ಅವನ ಕೆಲಸ ಮುಗಿಯುವವರೆಗೆ ಅಂಗಳದ ಗೋಡೆ ನೆರಳಿಗೆ ಕುಂತಳು. ಯಾರೋ ಒಳಗಿನ ಪೈಪುಗಳಿಗೆ ಕಟ್ಟಿದ ಹಿಮ ಕೆರೆದು ತಂದು ಸಿಮೆಂಟಿನ ನೆಲಕ್ಕೆ ಸುರಿದು ಹೋದರು. ಗುಡ್ಡೆ ನೆರಳಲ್ಲಿದ್ದಷ್ಟು ಹೊತ್ತು ಸುಮ್ಮನಿತ್ತು. ಬಿಸಿಲು ಸರಿದು ಅದರ ಮೇಲೆ ಬಂತು. ಮೊದಲು ಒಂದು ಗೆರೆ ಒದ್ದೆ. ಆಮೇಲೆ ಗೆರೆ ಹರಿಯಿತು. ಆಮೇಲೆ ಮೆಣಸಿನಕಾಯಿಯ ಬೀಜ, ತೊಟ್ಟುಗಳನ್ನು ಎತ್ತಿಕೊಂಡು ಅವಳ ಚಪ್ಪಲಿಯವರೆಗೆ ಓಡಿ ಬಂತು.

ಶಿಲ್ಪಾ ತಲೆಯೆತ್ತಿ ನೋಡಿದಳು. ಮುಗಿಲಲ್ಲಿ ಒಂದು ಚೂರು ಮೋಡವಿರಲಿಲ್ಲ.

ಕೂಡಲೇ ಜೀಪಿನವನಿಗೆ ಫೋನ್ ಹಚ್ಚಿದಳು. ಫೋಟೋ ತೆಗೆದದ್ದು ಎಷ್ಟು ಗಂಟೆಗೆ ಎಂದು ಕೇಳಿದಳು. ಬೆಳಗಿನ ಆರೂವರೆಗೆ ಎಂದ. ಮಧ್ಯಾಹ್ನ ಎರಡಕ್ಕೆ ಹೇಗಿರುತ್ತದೆ ಎಂದರೆ ಅವನಿಗೆ ನಗು ಬಂತು. ಬಿಸಿಲು ಬಿದ್ದ ದಿನ ಮಧ್ಯಾಹ್ನ ಆ ಕಲ್ಲು ಯಾರಿಗೆ ಕಂಡೀತು, ಮೇಲಿನ ಹಿಮವೆಲ್ಲ ಕರಗಿ ಬಂದಿರುತ್ತದಲ್ಲ, ಸಣ್ಣ ಮಕ್ಕಳಿಗೂ ಗೊತ್ತು ಎಂದ.

ಆಮೇಲೆ ತಮ್ಮನಿಗೆ ಹಚ್ಚಿದಳು. ಚನ್ನೇಶ ಗಳಗನಾಥದಲ್ಲಿ ಅಜ್ಜಿಯ ಮಗ್ಗುಲಿಗೇ ಕುಂತು ಫೋನ್ ಎತ್ತಿ, ಅವಳು ಕಂಡದ್ದನ್ನೆಲ್ಲ ಕೇಳಿಸಿಕೊಂಡ.

"ಕೋಲ್ಡ್ ಸ್ಟೋರೇಜ್ ಅಂಗಳದಾಗ ಹಿಮಾಲಯ ಕಂಡ್ತೇನು ಅಕ್ಕಾ? ರೈಲಿನ್ಯಾಗ ಮಾತಾಡೂಣಂತ ತಗೋ."

"ಮಾತಾಡೂದೇನಿಲ್ಲ. ಹಾಳ್ಯಾಗ ನಾ ಬರದಿದ್ದಂಗ ಹೋಗಿದ್ರ ನೀ ಆ ಕಲ್ಲಿನ ಹಿಂದ ಇರ್ತಿದ್ದಿ."

ಏನಂತೆ ಎಂದು ಅಜ್ಜಿ ಕೇಳಿದ್ದು, ಅವನು ಹೇಳಿದ್ದು, ಅಜ್ಜಿ ಫೋನ್ ಕಸಿದುಕೊಂಡದ್ದು ಎಲ್ಲ ಕೇಳಿಸಿತು.

"ನಿನ್ನ ಮಾತು ನಂಬೇ ಬರದಿದ್ನಿ ಅಜ್ಜಿ," ಎಂದಳು ಶಿಲ್ಪಾ. "ಬಿಸಲಾಗ ಹೊಳೆವ್ವ ತವರಿಗಿ ಹೋಗಿರ್ತಾಳ ಅಂತಿದ್ದಿ."

"ಹೌದಲ್ಲ ಮತ್ತ. ನೀವು ಹೊಂಟಿದ್ದು ಎಲ್ಲಿಗಿ? ಆಕಿ ತವರಿಗೇ ಹೊಂಟೀರಿ. ತವರಾಗ ಯಾವ ಮಗಳು ಸೊರಗಿರ್ತಾಳ ಹೇಳು."

ಶಿಲ್ಪಾ ಫೋನ್ ಇಟ್ಟಳು. ಆಮೇಲೆ ನೋಟ್‌ಬುಕ್ ತೆರೆದು ಎರಡು ಗಂಟೆಯನ್ನು ಹೊಡೆದುಹಾಕಿ, ನಸುಕಿಗೆ ಕೊರಕಲು ಹೊಗುವುದು ಎಂದು ಬರೆದಳು. ಹಿಂದಿನ ಸಂಜೆ ಮೇಲಿನ ಗುಡ್ಡದಿಂದ ಕಲ್ಲಿನ ಜಾಗ ನೋಡಿ ಬರುವುದು, ಅಂದು ಬೆಳಿಗ್ಗೆ ಒಳಗೆ ಹೊಗುವ ಮೊದಲು ಗುಡ್ಡದಿಂದ ಅದು ಕಾಣದಿದ್ದರೆ ಕಯಾಕ್ ಹೊತ್ತು ಹಿಂದಿರುಗುವುದು, ಯಾರೂ ವಾದ ಮಾಡಕೂಡದು ಎಂದೂ ಸೇರಿಸಿದಳು.

ಹಗ್ಗದ ಚೀಲ ಹೊತ್ತು ಬಂದ ಅಸ್ಲಮ್ ಎಲ್ಲ ಆಯಿತೇ ಎಂದು ಕೇಳಿದ. ಅವಳು ಮೊದಲನೇ ದಿನದ ಹಾಳೆಗೆ ತಿರುಗಿ, ಮೇಲಿನ ಸಾಲಿಗೆ ಬೆರಳಿಟ್ಟಳು. ನೀರು ಕೆಂಪಗಾದರೆ ಮಾತ್ರ ಪ್ರವಾಹ ಎಂದು ಬರೆದಿದ್ದಳು.

"ಇದು ಯಾವ ಹೊಳೀದು ಅಸ್ಲಮ್? ಅಲ್ಲೀದೋ, ನಮ್ಮ ಅಜ್ಜೀದೋ?"

ಅವಳು ಮತ್ತೆ ಜೀಪಿನವನಿಗೆ ಫೋನ್ ಹಚ್ಚಿದಳು. ಹೀಗೆ ಕೇಳಿ ನೋಡಬೇಕಾದ ಹಾಳೆಗಳು ಇನ್ನೂ ಹನ್ನೊಂದು ಇದ್ದವು.